ಲೆಕ್ಕಕ್ಕೆ ಹಿಡಿಯದ ತೆಂಗಿನಕಾಯಿ

ಬ್ಯಾಟರಿ ಒಂದು ಜೊತೆ, ಇಪ್ಪತ್ತೆರಡು ಸಾವಿರ. ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡಿಸಿದ್ದು ನಾಲ್ಕು ಸಾವಿರದ ಇನ್ನೂರು. ವೈಪರ್ ಮೋಟರು ಮೂರು ಸಾವಿರದ ಎಂಟುನೂರು. ಹಾರ್ನ್ ಎರಡು, ಸಾವಿರದ ಆರುನೂರು. ಫ್ಯೂಸು, ರಿಲೇ, ವೈರು, ಟೇಪು ಎಂದು ಬಿಡಿಬಿಡಿಯಾಗಿ ಹೋದದ್ದು ಎರಡು ಸಾವಿರ. ಗುಜರಿಯಿಂದ ತಂದ ಮಾಡ್ಯೂಲ್ ಆರು ಸಾವಿರ, ಅದು ಪೂರ್ತಿ ದಂಡ. ಹೊಸ ಮಾಡ್ಯೂಲ್ ಹತ್ತೊಂಬತ್ತು ಸಾವಿರದ ನಾನೂರು. ಅದನ್ನು ಲಾರಿಗೆ ಹೊಂದಿಸಲು ತುಮಕೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದವಳಿಗೆ ಮೂರೂವರೆ ಸಾವಿರ. ಶಾಸ್ತ್ರ ಕೇಳಿದ್ದಕ್ಕೆ ಐನೂರ ಒಂದು. ಒಟ್ಟು ಅರವತ್ಮೂರು ಸಾವಿರದ ಒಂದು ರೂಪಾಯಿ. ಕೊನೆಯ ಒಂದು ರೂಪಾಯಿ ಶುಭಕ್ಕಂತೆ.

ಇದಲ್ಲದೆ ನಲವತ್ತೊಂದೋ ನಲವತ್ತೆರಡೋ ತೆಂಗಿನಕಾಯಿ. ಅವು ತೋಟದವು, ಕಾಸು ಕೊಟ್ಟು ತಂದವಲ್ಲ ಎಂದು ಗಂಗಲಕ್ಷ್ಮಿ ಲೆಕ್ಕಕ್ಕೆ ಹಿಡಿಯಲಿಲ್ಲ. ಚಿತ್ತಣ್ಣನನ್ನೂ ಹಿಡಿಯಲಿಲ್ಲ.

ಚಿತ್ತಣ್ಣ ಅವಳ ಲಾರಿಯ ಡ್ರೈವರ್. ಹುಳಿಯಾರಿನ ಆಚೆ ಒಂದು ಹಟ್ಟಿಯವನು. ಅವಳ ಗಂಡ ದೊಡ್ಡರಂಗಯ್ಯ ಇದ್ದಾಗಲೇ ಸೇರಿಕೊಂಡು ಹನ್ನೊಂದು ವರ್ಷವಾಗಿತ್ತು. ರಂಗಯ್ಯ ತೀರಿಕೊಂಡ ತಿಂಗಳಲ್ಲಿ ಅರಳಗುಪ್ಪೆಯ ಮನೆ ತುಂಬ ನೆಂಟರು ಕೂತು, ಹೆಂಗಸು ಲಾರಿ ನಡೆಸೋದುಂಟಾ, ಮಾರಿಬಿಡು ಎನ್ನುತ್ತಿದ್ದಾಗ, "ನಡೆಸ್ರಕ್ಕ, ನಾನಿದೀನಿ" ಎಂದವನು ಅವನೊಬ್ಬನೇ. ಅವಳು ಹಳೆಯ ಲಾರಿ ಮಾರಿ, ಸಾಲ ಸೇರಿಸಿ, ಹೊಸ ಆರು ಚಕ್ರದ್ದನ್ನು ತಂದು ನಡೆಸಿದಳು.

ಈ ಸೀಮೆಯಲ್ಲಿ ಕೊಬ್ಬರಿ ಸಾಗಿಸುವುದೆಂದರೆ ಬರೀ ಸ್ಟೇರಿಂಗ್ ತಿರುಗಿಸುವ ಕೆಲಸವಲ್ಲ. ಅಟ್ಟದ ಮೇಲೆ ಹನ್ನೊಂದು ತಿಂಗಳು ಮಲಗಿದ ಕಾಯಿ ಒಳಗೊಳಗೇ ಒಣಗಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಚಿತ್ತಣ್ಣ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಆಡಿಸಿ, "ಇನ್ನೊಂದ್ ಇಪ್ಪತ್ ದಿನ ಬುಡಿ ಗೌಡ್ರೇ" ಎಂದರೆ ಬೆಳೆಗಾರ ಮರುಮಾತಿಲ್ಲದೆ ಬಿಡುತ್ತಿದ್ದ. ಶೆಟ್ಟಿಕೆರೆಯಿಂದ ಹುಳಿಯಾರಿನವರೆಗೆ ಯಾವ ಮನೆಯ ಅಟ್ಟದಲ್ಲಿ ಎಷ್ಟು ಕಾಯಿ ಇವೆ, ಯಾವ ತೋಟದ ದಾರಿಯಲ್ಲಿ ಚಕ್ರ ಹೂತುಕೊಳ್ಳುತ್ತದೆ, ಎಲ್ಲ ಅವನ ತಲೆಯಲ್ಲಿತ್ತು. ಲಾರಿ ಗಂಗಲಕ್ಷ್ಮಿಯದು, ಬಾಡಿಗೆ ಬರುತ್ತಿದ್ದದ್ದು ಅವನ ಮುಖ ನೋಡಿ. ಅವನು ಹೋದರೆ ಲಾರಿ ಇದ್ದೂ ಇಲ್ಲದಂತೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಪ ಬಂದಾಗ ಮಾತ್ರ ನೆನಪಾಗುತ್ತಿರಲಿಲ್ಲ.

ಕೋಪ ಬರುವುದಕ್ಕೆ ಶುರುವಾದದ್ದು ಒಂದು ಶನಿವಾರ. ಶೆಟ್ಟಿಕೆರೆಯಲ್ಲಿ ಸುಡು ಬಿಸಿಲು, ಆಕಾಶದಲ್ಲಿ ಮೋಡದ ಚೂರಿಲ್ಲ. ಲಾರಿಯ ವೈಪರ್ ತಾನಾಗಿಯೇ ಎದ್ದು ಗಾಜು ಉಜ್ಜತೊಡಗಿತು. ಸ್ವಿಚ್ ಆರಿಸಿದರೂ ನಿಲ್ಲಲಿಲ್ಲ. ಎದುರಿಗೆ ಬಂದವರೆಲ್ಲ ಗಾಡಿ ನಿಲ್ಲಿಸಿ ಮೇಲೆ ನೋಡಿದರು, ಮಳೆ ಬಂತೇನೋ ಎಂದು.

ಮುಂದಿನ ಶನಿವಾರ ಹಾರ್ನ್. ಅದೂ ಎಲ್ಲಿ? ಹುಳಿಯಾರಿನ ಹತ್ತಿರ, ಹೆಣ ಹೊರಗಿಟ್ಟಿದ್ದ ಮನೆಯ ಎದುರಿಗೆ. ಚಿತ್ತಣ್ಣ ಕೈ ಎತ್ತಿ ತೋರಿಸುತ್ತಾನೆ, ನಾನು ಒತ್ತಿಲ್ಲ ಎಂದು. ಹಾರ್ನ್ ಮಾತ್ರ ಒಂದೇ ಸಮ ಕಿರುಚುತ್ತದೆ. ತಮಟೆಯವರೂ ಬಾರಿಸುವುದು ನಿಲ್ಲಿಸಿ ತಿರುಗಿ ನೋಡಿದರು. ಅವನು ಕೆಳಗಿಳಿದು ಬ್ಯಾಟರಿಯ ವೈರ್ ಕಿತ್ತೆಸೆಯುವ ಹೊತ್ತಿಗೆ ನಾಲ್ಕು ಜನ ಅವನ ಅಂಗಿ ಹಿಡಿದಿದ್ದರು.

"ಏನ್ ಮಾಡ್ಲಕ್ಕ ನಾನು?" ಎಂದ ಸಂಜೆ, ಹರಿದ ಜೇಬು ತೋರಿಸುತ್ತಾ. "ವಾರವೆಲ್ಲ ಹಸು ಇದ್ದಂಗೆ ಇರ್ತದೆ. ಶನಿವಾರ ಬಂತು ಅಂದ್ರೆ ಹಿಡಿಯಂಗಿಲ್ಲ."

ಈ ಮಾತು ಒಳಗಿದ್ದ ಅತ್ತೆ ಭೂತಮ್ಮನ ಕಿವಿಗೆ ಬಿತ್ತು. ಎಂಬತ್ತು ದಾಟಿದ ಭೂತಮ್ಮನಿಗೆ ಬೇರೇನೂ ಕೇಳಿಸದಿದ್ದರೂ ಇಂಥದ್ದು ಕೇಳಿಸುತ್ತದೆ.

"ಶನಿವಾರಾನಾ? ಮತ್ತಿನ್ನೇನು ಕೇಳ್ತೀಯ? ಶನಿ ಕಣೇ. ಒಂದು ಕಾಯಿ ಸಾಲಲ್ಲ ಅದುಕ್ಕೆ."

ಆ ಮನೆಯಲ್ಲಿ ಶುಕ್ರವಾರ ಶುಕ್ರವಾರ ಲಾರಿಗೆ ಪೂಜೆ. ಮುಂದಿನ ಚಕ್ರದ ಹತ್ತಿರ ಕಲ್ಲಿಗೆ ಕಾಯಿ ಒಡೆಯುವುದು ಎಲ್ಲರೂ ಮಾಡುವಂಥದ್ದೇ. ಈ ಮನೆಯದು ಒಂದು ಹೆಚ್ಚು: ದೇವರ ಕಾಯಿಯ ನೀರು ನೆಲಕ್ಕೆ ಬೀಳಬಾರದು. ಮರ ನೀರು ಕುಡಿದು ಮೇಲೆ ಕೊಟ್ಟದ್ದನ್ನು ಮತ್ತೆ ಮಣ್ಣಿಗೆ ಚೆಲ್ಲಬಾರದೆಂದು ಭೂತಮ್ಮನ ಅತ್ತೆಯ ಕಾಲದಿಂದ ಬಂದದ್ದು. ಹಾಗಾಗಿ ನೀರನ್ನು ಚೊಂಬಿನಲ್ಲಿ ಹಿಡಿದು, ಗಂಗಲಕ್ಷ್ಮಿ ಎಡಗಡೆಯ ಬಾಗಿಲಿಂದ ಹತ್ತಿ, ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರ ಪಟಕ್ಕೆ ವೀಳ್ಯದೆಲೆಯಲ್ಲಿ ಮೂರು ಸಲ ಚಿಮುಕಿಸಿ, ಉಳಿದದ್ದನ್ನು ಪಟದ ಬುಡಕ್ಕೇ ಬಿಡುತ್ತಿದ್ದಳು. ಹಳೆಯ ಲಾರಿಗೆ ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಅದಕ್ಕೇನೂ ಆಗಿರಲಿಲ್ಲ.

ಶಾಸ್ತ್ರ ಕೇಳಿದ್ದಾಯಿತು. ಶುಕ್ರವಾರದ ಒಂದು ಕಾಯಿ ಮೂರಾಯಿತು. ಎರಡು ವಾರ ಬಿಟ್ಟು ಮಂಗಳವಾರವೂ ಸೇರಿಕೊಂಡಿತು. ಆಮೇಲೆ ಲಾರಿ ಶನಿವಾರದ ಜೊತೆಗೆ ಬುಧವಾರವೂ ಕೆಡತೊಡಗಿತು.

"ಬುಧನೂ ಸೇರ್ಕಂಡ್ನಲ್ಲೇ!" ಎಂದಳು ಭೂತಮ್ಮ.

ನಡುವೆ ಒಂದು ಬೆಳಿಗ್ಗೆ ಚಿತ್ತಣ್ಣ ಲುಂಗಿ ಮೊಣಕಾಲಿಗೆತ್ತಿ ಕೆಂಪು ದದ್ದು ತೋರಿಸಿದ್ದ.

"ಅಕ್ಕ, ಕ್ಯಾಬಿನ್ನಲ್ಲಿ ಇರುವೆ ಕಣಕ್ಕ. ಕಾಲೆಲ್ಲ ಕಚ್ಚಿಹಾಕವೆ. ಪೂಜೆ ಮುಂದ್ಗಡೆನೇ ಮಾಡಿ, ಒಳಗ್ಯಾಕೆ?"

"ಓಹೋ, ನಿನ್ನ ಕಾಲು ನೋಡ್ಕೊಂಡು ನಾನು ಪೂಜೆ ಮಾಡ್ಬೇಕಾ ಈಗ?" ಎಂದಿದ್ದಳು ಅವಳು. ಹಿಂದಿನ ದಿನವಷ್ಟೇ ಬ್ಯಾಟರಿಗೆ ಇಪ್ಪತ್ತೆರಡು ಸಾವಿರ ಎಣಿಸಿ ಕೊಟ್ಟು ಬಂದಿದ್ದಳು. ಹಳೆಯ ಬ್ಯಾಟರಿ ಚೆನ್ನಾಗಿಯೇ ಇತ್ತೆಂದು ಆಮೇಲೆ ಗೊತ್ತಾಯಿತು. ಸ್ಟಾರ್ಟರ್ ಕೂಡ ಚೆನ್ನಾಗಿತ್ತು. ವೈಪರ್ ಮೋಟರೂ ಚೆನ್ನಾಗಿತ್ತು. ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದನ್ನು ಬಿಚ್ಚಿ, "ಇದೇ ಕಣ್ರೀ" ಎಂದು ಕೈ ಒರೆಸಿಕೊಂಡಿದ್ದ.

ಚಿತ್ತಣ್ಣ ಲುಂಗಿ ಕೆಳಗೆ ಬಿಟ್ಟು ಹೋಗುವಾಗ, ಅರ್ಧ ತಮಾಷೆಗೆ, "ಹುಳಿಯಾರ್ ಸ್ಕೂಲ್ ಬಸ್ಸಿನೋರು ಕರೀತಾ ಅವ್ರೆ ಅಕ್ಕ. ಹಿಂಗೇ ಬೈಸ್ಕೊಳ್ಳೋದಾದ್ರೆ ಮಕ್ಕಳ ಕೈಲಿ ಬೈಸ್ಕೋತೀನಿ" ಎಂದಿದ್ದ. ಅವಳೂ ನಕ್ಕಿದ್ದಳು.

ಕೊನೆಗೆ ಲಾರಿ ಬಂದು ನಿಂತದ್ದು ತಿಪಟೂರಿನ ಆಟೋ ಎಲೆಕ್ಟ್ರಿಷಿಯನ್ ಶಿವರಾಜು ಅಂಗಡಿಯ ಮುಂದೆ. ಮಾತು ಹೆಚ್ಚು, ಕೆಲಸ ನಿಧಾನ, ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಮನುಷ್ಯ. ಮೀಟರ್ ಹಿಡಿದು ಅರ್ಧ ದಿನ ಒಂದೊಂದೇ ವೈರ್ ಮುಟ್ಟಿ ನೋಡಿದ. ಹಾರ್ನ್ ಕೂಗುತ್ತಿದ್ದಾಗಲೇ ಅದರ ಸ್ವಿಚ್ಚಿನ ವೈರ್ ಬಿಚ್ಚಿಟ್ಟ. ಹಾರ್ನ್ ನಿಲ್ಲಲಿಲ್ಲ.

"ಸಿಕ್ತು ಕಣಕ್ಕ" ಎಂದ. "ಹಾರ್ನ್ ಸರಿ ಐತೆ, ಸ್ವಿಚ್ಚೂ ಸರಿ ಐತೆ. ಮಧ್ಯದ ಡಬ್ಬಿ ಕೆಟ್ಟೈತೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತಾರೆ."

"ಹಳೇ ಲಾರೀಲಿ ಇರ್ಲಿಲ್ವಲ್ಲಪ್ಪ ಅದು?"

"ಹಳೇದ್ರಲ್ಲಿ ಸ್ವಿಚ್ ಒತ್ತಿದ್ರೆ ಕರೆಂಟು ನೇರ ಹಾರ್ನಿಗೆ ಹೋಗೋದು. ಈಗ ಹಂಗಲ್ಲ. ಸ್ವಿಚ್ಚು ಈ ಡಬ್ಬಿಗೆ ಅರ್ಜಿ ಕೊಡ್ತದೆ, ಡಬ್ಬಿ ಮಂಜೂರು ಮಾಡ್ತದೆ. ಹಾರ್ನು, ಲೈಟು, ವೈಪರು, ಸ್ಟಾರ್ಟು, ಎಲ್ಲಾ ಅರ್ಜಿನೂ ಒಂದೇ ಟೇಬಲ್ಲಿಗೆ."

"ಈಗೇನಾಗೈತೆ ಅದುಕ್ಕೆ?"

"ಅರ್ಜಿ ಇಲ್ದಿದ್ರೂ ಮಂಜೂರು ಮಾಡ್ತಾ ಐತೆ."

"ಎಲ್ಲಿದೆಯಪ್ಪ ಅಂಥ ಆಫೀಸು, ನಂಗೂ ತೋರ್ಸು" ಎಂದ ಚಿತ್ತಣ್ಣ. ಮೂವರೂ ನಕ್ಕರು. ಮೂವರೂ ಕೂಡಿ ನಕ್ಕದ್ದು ಅದೇ ಕೊನೆ.

ಹೊಸದರ ಬೆಲೆ ಕೇಳಿ ಗಂಗಲಕ್ಷ್ಮಿಗೆ ನಗು ಹೋಯಿತು. ಗುಜರಿಯಲ್ಲಿ ನೋಡು ಎಂದಳು. ಶಿವರಾಜು ಬೇಡ ಎಂದ, ಅವಳು ಹಟ ಹಿಡಿದಳು. ಅಪಘಾತದಲ್ಲಿ ಜಜ್ಜಿಹೋದ ಅದೇ ಮಾದರಿಯ ಲಾರಿಯ ಮಾಡ್ಯೂಲ್ ಬಸ್ಸಿನಲ್ಲಿ ಬಂತು. ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ತೆಗೆದು ಹಳೆಯದನ್ನು ಬಿಚ್ಚುವಾಗ ಅದರ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡಿತು. "ನೀರು ಹೊಕ್ಕಿದೆ, ಗಾಜಿನ ರಬ್ಬರಿಂದ ಮಳೆ ನೀರು ಇಳ್ದಿರ್ಬೇಕು" ಎಂದು ಶಿವರಾಜು ಬ್ರಷ್‌ನಲ್ಲಿ ಉಜ್ಜಿದ. ಗುಜರಿಯದನ್ನು ಸಿಕ್ಕಿಸಿ ಕೀ ತಿರುಗಿಸಿದರೆ ಹಾರ್ನ್ ಇಲ್ಲ, ವೈಪರ್ ಇಲ್ಲ. ಇಂಜಿನ್ನೂ ಇಲ್ಲ.

"ಇದರೊಳಗೆ ಆ ಲಾರಿ ನಂಬರ್ ಬರ್ದಿರ್ತಾರಕ್ಕ. ನಮ್ದನ್ನ ನೋಡಿ ಕಳ್ಳಮಾಲು ಅಂದ್ಕೊಂಡೈತೆ. ಕೊನೇವರ್ಗೂ ಸ್ಟಾರ್ಟ್ ಮಾಡಲ್ಲ."

"ಮೊದ್ಲೇ ಹೇಳ್ಬಾರ್ದಾ?"

"ಹೇಳ್ದೆ. ಆರು ಸಾವಿರ ಅಗ್ಗ ಅಂದ್ರಿ."

ಬಿಸಿಲು ನೆತ್ತಿಗೆ ಬಂದಿತ್ತು. ಹಳೆಯದನ್ನೇ ಬಿಚ್ಚಿ ಒಳಗೇನಾದರೂ ಬೆಸುಗೆ ಹಾಕಿ ಬದುಕಿಸಲು ಆಗುತ್ತದಾ ನೋಡು ಎಂದಳು ಅವಳು. ಶಿವರಾಜು ಡಬ್ಬಿಯ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದ. ಮುಚ್ಚಳ ಎದ್ದಿತು. ಒಳಗಿಂದ ಸತ್ತ ಇರುವೆಗಳು ಹಿಡಿಯಷ್ಟು ಉದುರಿದವು. ಹಸಿರು ಸರ್ಕ್ಯೂಟ್ ಹಲಗೆಯ ಮೇಲೆ ಬೆಲ್ಲದ ಪಾಕ ಒಣಗಿದಂಥ ಕಂದು ಗೆರೆ. ಅವನು ಮೂಗಿನ ಹತ್ತಿರ ಹಿಡಿದ. ಅವಳ ಕೈಗೆ ಕೊಟ್ಟ.

ತೆಂಗಿನಲ್ಲಿ ಹುಟ್ಟಿ ತೆಂಗಿನಲ್ಲಿ ಬೆಳೆದವಳಿಗೆ ಆ ಹುಳಿ ವಾಸನೆ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಕಾಯಿ ನೀರು.

ಡಬ್ಬಿ ಹಿಡಿದುಕೊಂಡೇ ಅವಳು ಚಿತ್ತಣ್ಣನ ಕಡೆ ತಿರುಗಿದಳು.

"ಎಳನೀರು ಕುಡ್ದು ಬುರುಡೆ ಅಲ್ಲೇ ಇಡ್ತೀಯ, ಅಲ್ವಾ?"

"ನಾನಾ?"

"ಇನ್ಯಾರು, ನಮ್ಮತ್ತೆ ಬಂದು ಕುಡೀತಾಳಾ ಲಾರೀಲಿ? ನಲವತ್ತು ಸಾವಿರ ಸುರ್ದೆ ನಾನು. ಶನಿ, ಬುಧ ಅಂತ ದೇವರಿಗೆಲ್ಲ ಹರಕೆ ಹೊತ್ತೆ. ನೀನು ಮೇಲೆ ಕೂತ್ಕೊಂಡು ಚೆಲ್ತಾ ಇದ್ದೆ."

"ಅಕ್ಕ, ಎಳನೀರು ಕುಡುದ್ರೆ ನಂಗೆ ಕೆಮ್ಮು ಬತ್ತದೆ. ಹನ್ನೊಂದು ವರ್ಷದಲ್ಲಿ ನಾನು ಕುಡ್ದಿದ್ದು ನೋಡಿದೀರಾ? ರಂಗಣ್ಣ ಕೊಟ್ರೂ ಬ್ಯಾಡ ಅಂತಿದ್ದೆ."

"ರಂಗಣ್ಣ ಇಲ್ವಲ್ಲ, ಸಾಕ್ಷಿಗೆ ಅವ್ರನ್ನ ಎಳೀಬೇಡ."

ಚಿತ್ತಣ್ಣ ಡಬ್ಬಿಯನ್ನು ನೋಡಿದ. ಆಮೇಲೆ ಕ್ಯಾಬಿನ್ನಿನಲ್ಲಿದ್ದ ದೇವರ ಪಟವನ್ನು ನೋಡಿದ.

"ಇರುವೆ ಅವೆ ಅಂತ ಹೇಳಿದ್ದೆ ನಾನು" ಎಂದ ಮೆಲ್ಲಗೆ.

"ಇರುವೆ ಮೇಲೆ ಹಾಕ್ಬೇಡ!"

ಶಿವರಾಜು, "ಬುಡಿ ಅಕ್ಕ, ಬಿಸ್ಲಿಗೆ ಎಲ್ಲಾರ್ಗೂ ತಲೆ ಕಾಯ್ತೈತೆ" ಎಂದು ನಡುವೆ ಬಂದ. ಆದರೆ ಚಿತ್ತಣ್ಣ ಆಗಲೇ ಬಾಗಿಲು ತೆಗೆದು ಮೇಲೆ ಹತ್ತಿದ್ದ. ಟವಲು, ಬುತ್ತಿ ಡಬ್ಬಿ, ಸೀಟಿನ ಹಿಂದಿದ್ದ ಕಂಬಳಿ ಮೂರನ್ನೂ ಎತ್ತಿಕೊಂಡು ಇಳಿದ. ಕೀಯನ್ನು ಅವಳ ಕೈಗೆ ಕೊಡಲಿಲ್ಲ, ಶಿವರಾಜುವಿನ ಮೇಜಿನ ಮೇಲಿಟ್ಟ.

"ಬತ್ತೀನಕ್ಕ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದ.

ನಾಳೆ ಬರುತ್ತಾನೆ ಎಂದುಕೊಂಡಳು ಅವಳು. ಬರಲಿಲ್ಲ. ಹೊಸ ಮಾಡ್ಯೂಲ್ ಬರುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ, ಲಾರಿ ಸರಿಯಾಗಲಿ, ಆಮೇಲೆ ಕರೆದರಾಯಿತು, ಎಲ್ಲಿ ಹೋಗುತ್ತಾನೆ ಎಂದುಕೊಂಡೇ ಇದ್ದಳು. ಫೋನ್ ಎತ್ತಿ ಎರಡು ಸಲ ಕೆಳಗಿಟ್ಟಳು. ತಪ್ಪು ಮಾಡಿದವನು ಅವನು, ಅವನೇ ಮಾಡಲಿ.

ಹದಿಮೂರನೇ ದಿನ ಶುಕ್ರವಾರ. ತುಮಕೂರಿನಿಂದ ನಯನ ಎಂಬ ಟೆಕ್ನಿಷಿಯನ್ ಬಂದಳು. ಗಂಟುಮುಖದ, ಕೆಲಸ ಬಲ್ಲ ಹೆಂಗಸು. ಲಾರಿಗೆ ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿ, ಚಾಸಿ ನಂಬರನ್ನು ಎರಡೆರಡು ಸಲ ಓದಿಸಿ, ಹೊಸ ಡಬ್ಬಿಯೊಳಗೆ ಬರೆದಳು. ಕೀ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಹಾರ್ನ್ ಒತ್ತಿದರೆ ಕೂಗಿತು, ಬಿಟ್ಟರೆ ನಿಂತಿತು. ಇಷ್ಟನ್ನು ನೋಡಲು ಅರವತ್ತು ಸಾವಿರ ಖರ್ಚಾಗಿತ್ತು.

"ಡಬ್ಬಿ ಕೂರಿಸಿ ಮುಚ್ಚಳ ಹಾಕಿಬಿಡ್ತೀವಿ" ಎಂದಳು ನಯನ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ.

"ಒಂದ್ನಿಮಿಷ ಇರವ್ವ" ಎಂದು ಗಂಗಲಕ್ಷ್ಮಿ ಚೀಲ ಬಿಚ್ಚಿದಳು. ಮನೆಯಿಂದಲೇ ಚೊಂಬು, ಎಲೆ, ಮೂರು ಕಾಯಿ ತಂದಿದ್ದಳು. ಹೊಸದು ಬಂದಿದೆ, ಶುಕ್ರವಾರ ಬೇರೆ, ಪೂಜೆ ಇಲ್ಲದೆ ಹೇಗೆ? ಚಕ್ರದ ಹತ್ತಿರ ಕಾಯಿ ಒಡೆದಳು. ನೀರು ಚೊಂಬಿಗೆ ಹಿಡಿದಳು. ಎಡಗಡೆ ನಯನ ಬಗ್ಗಿದ್ದರಿಂದ ಬಲಗಡೆಯ ಬಾಗಿಲಿಂದ ಹತ್ತಿ, ಪಟಕ್ಕೆ ಮೂರು ಸಲ ಚಿಮುಕಿಸಿ, ಕಣ್ಣು ಮುಚ್ಚಿ ಉಳಿದದ್ದನ್ನು ಬುಡಕ್ಕೆ ಬಿಟ್ಟಳು.

"ಅಯ್ಯೋ! ಏನ್ರೀ ಇದು?"

ನಯನ ತಲೆ ಹೊರಗೆಳೆದಳು. ಕೂದಲು, ಕೆನ್ನೆ ಎಲ್ಲ ನೀರು. ಹೊಸ ಮಾಡ್ಯೂಲ್ ಇನ್ನೂ ಅವಳ ಕೈಯಲ್ಲೇ ಇತ್ತು, ಎದೆಗೆ ಅವುಚಿಕೊಂಡಿದ್ದಳು. ಗಂಗಲಕ್ಷ್ಮಿ ಬಗ್ಗಿ ನೋಡಿದಳು. ಪಟದ ಹಿಂದೆಯೇ ಗಾಜಿಗೆ ಗಾಳಿ ಊದುವ ಉದ್ದನೆಯ ಸೀಳು. ಅದರೊಳಗೆ ಹೋದ ನೀರು ಕೆಳಗೆ ಡಬ್ಬಿ ಕೂರುವ ಜಾಗಕ್ಕೇ ಸರಿಯಾಗಿ ತೊಟ್ಟಿಕ್ಕುತ್ತಿತ್ತು.

ಶಿವರಾಜು ತನ್ನ ಟವಲನ್ನು ನಯನಳ ಕೈಗೆ ಕೊಟ್ಟು, ಇನ್ನೊಂದು ಬಟ್ಟೆ ತೆಗೆದುಕೊಂಡು ಒಳಗೆ ಒರೆಸತೊಡಗಿದ.

"ಎಷ್ಟು ದಿನದಿಂದ ಅಕ್ಕ?" ಎಂದ, ಅವಳ ಮುಖ ನೋಡದೆ.

"ಲಾರಿ ತಂದಾಗಿನಿಂದ" ಎಂದಳು ಅವಳು. ಆಮೇಲೆ, "ಮೊದ್ಲು ಒಂದೇ ಕಾಯಿ" ಎಂದಳು.

ಮುಚ್ಚಳ ಹಾಕಿದ್ದಾಯಿತು. ಲಾರಿಯನ್ನು ಅಲ್ಲೇ ಬಿಟ್ಟು ಗಂಗಲಕ್ಷ್ಮಿ ಹುಳಿಯಾರಿನ ಬಸ್ ಹತ್ತಿದಳು. ಕೀ ಸೆರಗಿನ ಗಂಟಿನಲ್ಲಿತ್ತು. ಹುಳಿಯಾರಿನಲ್ಲಿ ಇಳಿದು ಆಟೋ ಮಾಡಿಕೊಂಡು ಹಟ್ಟಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಕುರಿ ಮೇಯಲು ಹೋಗಿದ್ದವು, ಹಟ್ಟಿ ಮೌನವಾಗಿತ್ತು. ಹನ್ನೊಂದು ವರ್ಷದಲ್ಲಿ ಅವಳು ಆ ಮನೆಗೆ ಬಂದದ್ದು ಅದೇ ಮೊದಲು.

ಚಿತ್ತಣ್ಣನ ಹೆಂಡತಿ ಬೋರಕ್ಕ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. ಚಾಪೆ ಹಾಕಿದಳು. ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದಿಟ್ಟಳು.

"ನಮ್ಮನೇಲಿ ಎಳನೀರು ಇಲ್ಲ ಕಣಕ್ಕ. ಮಜ್ಜಿಗೆ ಕುಡೀರಿ."

ಗಂಗಲಕ್ಷ್ಮಿ ಕುಡಿದಳು. ಒಳಗಿಂದ ಚಿತ್ತಣ್ಣ ಬಂದು ಗೋಡೆಗೆ ಒರಗಿ ಕೂತ. ಅವನ ಮೈಮೇಲೆ ಹೊಸ ಖಾಕಿ ಅಂಗಿ ಇತ್ತು, ಜೇಬಿನ ಮೇಲೆ ಶಾಲೆಯ ಹೆಸರು ಹೊಲಿದಿತ್ತು. ಬೆಳಗಿನ ಟ್ರಿಪ್ ಮುಗಿಸಿ ಊಟಕ್ಕೆ ಬಂದಿದ್ದ, ನಾಲ್ಕು ಗಂಟೆಗೆ ಮತ್ತೆ ಹೋಗಬೇಕಿತ್ತು. ಆ ಅಂಗಿ ನೋಡಿದಾಗಲೇ ಅವಳಿಗೆ ಅರ್ಧ ತಿಳಿದಿತ್ತು. ಆದರೂ ಬಂದದ್ದಕ್ಕೆ ಹೇಳಿದಳು: ಪಟ, ಸೀಳು, ನೀರು, ನಯನಳ ತಲೆ. ಎಲ್ಲ.

"ನಾನೇ ಕಣಪ್ಪ. ನಿನ್ನ ಮೇಲೆ ಹಾಕ್ಬುಟ್ಟೆ."

ಚಿತ್ತಣ್ಣ ಆಶ್ಚರ್ಯಪಡಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಅವತ್ತು ಡಬ್ಬಿ ಬಿಚ್ಚಿದಾಗ ಅನುಮಾನ ಬಂತಕ್ಕ."

"ಹೇಳ್ಬಾರ್ದಿತ್ತಾ ಮತ್ತೆ! ಬಾಯಿಗೇನು ಬೀಗ ಹಾಕಿತ್ತಾ?"

ಸಿಟ್ಟು ಹಳೆಯ ಅಭ್ಯಾಸದಲ್ಲಿ ಬಂದುಬಿಟ್ಟಿತ್ತು. ಬೋರಕ್ಕ ಬಾಗಿಲಿಂದಲೇ ತಿರುಗಿ ನೋಡಿದಳು. ಚಿತ್ತಣ್ಣ ನಕ್ಕ.

"ಹೆಂಗ್ ಹೇಳ್ಲಿ ಅಕ್ಕ? ದೇವರ ಕಾಯಿಂದ ಲಾರಿ ಕೆಡ್ತು ಅಂತ, ಬೈಸ್ಕೋತಾ ನಿಂತಿರೋನು ಹೇಳಿದ್ರೆ ನೀವು ಕೇಳ್ತಿದ್ರಾ? ಇರುವೆ ಅಂದೆ. ಅದ್ನೇ ಕೇಳ್ಲಿಲ್ಲ."

ಅವಳು ಗಂಟು ಬಿಚ್ಚಿ ಕೀ ಚಾಪೆಯ ಮೇಲಿಟ್ಟಳು. "ಬಾ" ಎಂದಳು. "ಸಂಬಳ ನೀನು ಹೇಳಿದಷ್ಟು."

ಅವನು ಕೀ ಎತ್ತಿಕೊಂಡ. ಸ್ವಲ್ಪ ಹೊತ್ತು ಬೆರಳಲ್ಲಿ ತಿರುಗಿಸಿದ. ಲಾರಿಯ ಕೀ ಹಿಡಿದಾಗ ಅವನು ಯಾವಾಗಲೂ ಹಾಗೆಯೇ ಮಾಡುತ್ತಿದ್ದ. ಅವಳಿಗೆ ಆಸೆ ಹುಟ್ಟಿತು.

"ಸ್ಕೂಲ್ನೋರ್ಗೆ ಮಾತು ಕೊಟ್ಟಿದೀನಕ್ಕ, ವರ್ಷ ಪೂರ್ತಿ ಅಂತ. ಮಕ್ಕಳ ಬಸ್ಸು, ನಡುವೆ ಬುಡಂಗಿಲ್ಲ." ಕೀಯನ್ನು ಅವಳ ಕೈಗೇ ಕೊಟ್ಟ. "ಆಮೇಲೆ... ಅಲ್ಲಿ ಹಾರ್ನ್ ಒತ್ತಿದ್ರೂ ನಾನೇ, ಒತ್ತದಿದ್ರೂ ನಾನೇ ಅಂತ ಯಾರೂ ಅನ್ನಲ್ಲ."

ಅವಳನ್ನು ಹುಳಿಯಾರಿನ ಬಸ್ ಸ್ಟ್ಯಾಂಡಿನವರೆಗೆ ಶಾಲೆಯ ಬಸ್ಸಿನಲ್ಲೇ ಬಿಟ್ಟ. ಇಳಿಯುವಾಗ, ಶೆಟ್ಟಿಕೆರೆಯ ಶಂಭುಲಿಂಗಯ್ಯನವರ ಅಟ್ಟದ ಕಾಯಿ ಇನ್ನೊಂದು ವಾರಕ್ಕೆ ಆಗುತ್ತದೆ, ಬೇರೆಯವರು ಕೇಳುವುದಕ್ಕೆ ಮೊದಲೇ ಹೋಗಿ ಎಂದು ಹೇಳಿದ.

ಅವಳು ಹೋದಳು, ತುರುವೇಕೆರೆಯ ಹೊಸ ಡ್ರೈವರನ್ನು ಕರೆದುಕೊಂಡು. ಶಂಭುಲಿಂಗಯ್ಯ ಕ್ಯಾಬಿನ್ನಿನೊಳಗೆ ಇಣುಕಿ, "ಚಿತ್ತಣ್ಣ ಎಲ್ಲವ್ವ?" ಎಂದರು. ಹೊಸಬ ಒಂದು ಕಾಯಿ ಎತ್ತಿ ಅಲ್ಲಾಡಿಸಿ, ಏನು ಹೇಳಬೇಕೋ ತಿಳಿಯದೆ ಅವಳ ಮುಖ ನೋಡಿದ. ಆ ವರ್ಷ ಶಂಭುಲಿಂಗಯ್ಯನವರ ಕೊಬ್ಬರಿ ಬೇರೆ ಲಾರಿಯಲ್ಲಿ ಹೋಯಿತು. ಆಮೇಲೆ ಇನ್ನೂ ಒಂಬತ್ತು ಮನೆಯವು ಹೋದವು.

ಶುಕ್ರವಾರ ಪೂಜೆ ಈಗಲೂ ನಡೆಯುತ್ತದೆ. ಒಂದೇ ಕಾಯಿ. ನೀರನ್ನು ಗಂಗಲಕ್ಷ್ಮಿ ಚೊಂಬಿನಲ್ಲಿ ಹಿಡಿದು, ಭೂತಮ್ಮ ಎಷ್ಟು ಗೊಣಗಿದರೂ ಕೇಳದೆ, ಹಿತ್ತಲಿನ ತೆಂಗಿನ ಸಸಿಯ ಬುಡಕ್ಕೆ ಸುರಿಯುತ್ತಾಳೆ. ಶನಿವಾರ ಹಾರ್ನ್ ಒತ್ತಿದರೆ ಕೂಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲಾರಿ ಸರಿಯಾಯಿತು. ಹತ್ತು ಮನೆಯ ಬಾಡಿಗೆ ಹೋಯಿತು. ಚಿತ್ತಣ್ಣ ಹೋದ.